ಬಿಚ್ಚಬಾರದ ಸೀಟು

“ಗಾಡಿಗೆ ಏನು ಬೇಕಾದ್ರೂ ಮಾಡ್ಕೋ ತಮ್ಮಾ. ಸೀಟು ಮಾತ್ರ ಬಿಚ್ಚಬೇಡ.”

ಹಳೇ ಪಿಕಪ್ಪಿನ ಕೀಲಿಯನ್ನು ಕೈಗೆ ಹಾಕುತ್ತ ತರಕಾರಿ ಮಾರುವ ಮುದುಕ ಹೇಳಿದ ಮಾತು ಅದು. ಹೇಳಿದ್ದಾದರೂ ಯಾರಿಗೆ? ಊರಿಗೆ ಹೊಸದಾಗಿ ಬಂದು, ಗಾಡಿಗಳ ಸೀಟು ಹೊಲಿಯುವ ಅಂಗಡಿ ತೆರೆದವನಿಗೆ. ಮೀನಿಗೆ ನೀರಿಗಿಳಿಯಬೇಡ ಎಂದ ಹಾಗಾಯಿತು. ಕುಶನ್ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಯಾಕೆ ಯಜಮಾನ್ರೇ, ಒಳಗೆ ನಿಧಿ ಇಟ್ಟಿದ್ದೀರಾ?”

ಮುದುಕ ನಗಲಿಲ್ಲ. “ನಮ್ಮಣ್ಣ ಇದ್ದಾನೆ. ಆಗದವರು ಯಾರೋ ಮಾಟ ಮಾಡಿಸಿ, ಅವನ ಅಂಗೀನ ಈ ಸೀಟೊಳಗೆ ಇಟ್ಟು ಹೊಲಿಸಿಬಿಟ್ರು. ಹತ್ತಿದವನು ಮತ್ತೆ ಇಳೀಲೇ ಇಲ್ಲ. ಸ್ಟೇರಿಂಗ್ ಹಿಡ್ಕೊಂಡೇ ಪ್ರಾಣ ಬಿಟ್ಟ. ಅವನು ಒಳಗಿರೋವರೆಗೂ ಅದು ಇನ್ನೊಬ್ಬರ ತಂಟೆಗೆ ಬರಲ್ಲ. ನಾನೇ ಇಷ್ಟು ವರ್ಷ ಓಡಿಸಿಲ್ವಾ? ಖಾಲಿ ಮಾಡಿದ್ಯೋ, ಇನ್ನೊಬ್ಬರನ್ನ ಕೇಳುತ್ತೆ. ಹರಿದ್ರೆ ಹರೀಲಿ, ಮೇಲೊಂದು ಗೋಣಿ ಹಾಸ್ಕೋ.”

“ಆಯ್ತು ಬಿಡಿ, ನಿಮ್ಮಣ್ಣಂಗೆ ನೋವಾಗದ ಹಾಗೆ ಕೂತ್ಕೋತೀನಿ” ಎಂದು ಮೇಸ್ತ್ರಿ ಗಾಡಿ ಹತ್ತಿದ. ಮುದುಕನ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬುದ್ಧಿ ಹೇಳಿದವರನ್ನು ಕಂಡರೆ ನಗುವುದು ಅವನ ಹುಟ್ಟುಗುಣ.

ದಿನಾ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು, ಹೊಲಿದ ಸೀಟುಗಳನ್ನು ಗಿರಾಕಿಗಳಿಗೆ ತಲುಪಿಸಲು ಅವನಿಗೊಂದು ಗಾಡಿ ಬೇಕೇ ಬೇಕಿತ್ತು. ಡ್ರೈವರಿಗೂ ಪಕ್ಕದವರಿಗೂ ಸೇರಿ ಒಂದೇ ಉದ್ದನೆಯ ಸೀಟು. ರೆಕ್ಸಿನ್ ಬಾಯಿಬಿಟ್ಟು ನಾರು ಹೊರಗೆ ಚಾಚಿತ್ತು. ಬಿಸಿಲು ಬಿದ್ದರೆ ಸಾಕು, ಸುಟ್ಟ ಕೂದಲಿನ ಕಮಟು ಮೂಗಿಗೆ ಹೊಡೆಯುತ್ತಿತ್ತು.

“ಸೀಟು ಹೊಲಿಯೋನ ಗಾಡೀಲೇ ಹರಿದ ಸೀಟು! ನೋಡಿದೋರು ಏನಂತಾರೆ?” ಎಂದು ಅವನು ಗೊಣಗಿದ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಂತೆ. ಎಂಜಿನ್ ಕೆಮ್ಮಿ ಸಾಯ್ತಿದೆ, ನಿಮಗೆ ಸೀಟಿನ ಚಿಂತೆ” ಎಂದಳು ಹೆಂಡತಿ. ಆಮೇಲೆ ದನಿ ತಗ್ಗಿಸಿ, “ರೀ, ಆ ಯಜಮಾನ್ರು ಹೇಳಿದ್ದು ನೆನಪಿದೆ ತಾನೆ?” ಎಂದಳು.

ನೆನಪಿತ್ತು. ಅದಕ್ಕೇ ಬಿಚ್ಚಿದ.

ಅಂಗಡಿಯ ಷಟರನ್ನು ಅರ್ಧ ಎಳೆದುಕೊಂಡು, ಹೊಲಿಗೆಗೆ ಕತ್ತರಿ ಹಾಕಿದ. ಮೊದಲ ಹೊಲಿಗೆ ಬಿಚ್ಚುತ್ತಿದ್ದಂತೆ ಒಳಗಿನಿಂದ ಬೆಚ್ಚನೆಯ ಗಾಳಿ ಅವನ ಮುಖಕ್ಕೆ ಬಡಿಯಿತು. ಯಾರೋ ಬಹಳ ಹೊತ್ತು ಬಿಗಿಹಿಡಿದ ಉಸಿರನ್ನು ಬಿಟ್ಟ ಹಾಗೆ. ನಾರಿನ ನಡುವೆ ಕರಿದಾರ ಸುತ್ತಿದ ಅಂಗಿ ಸಿಕ್ಕಿತು. ಮಡಿಕೆ ಮಡಿಕೆಯಲ್ಲಿ ಕೂದಲು, ತಾಮ್ರದ ಮೊಳೆ. “ಬಂದ್ಬಿಡಪ್ಪ ಅಣ್ಣಾ, ಸಾಕು ಸವಾರಿ” ಎಂದು ತಮಾಷೆ ಮಾಡಿ, ಹಿತ್ತಲಿನ ಕಸದ ಬೆಂಕಿಗೆ ಅದನ್ನು ಎಸೆದ. ಅಂಗಿ ಉರಿಯುವಾಗ ಹೊಗೆ ಮೇಲೇಳಲಿಲ್ಲ. ನೆಲ ಸವರಿಕೊಂಡು ಅಂಗಡಿಯೊಳಕ್ಕೇ ಬಂತು. ಬಾಗಿಲು ಹಾಕಿ ಕೆಲಸ ಮುಂದುವರಿಸಿದ.

ಸ್ಪ್ರಿಂಗಿನ ಮೇಲೆ ಹಳೇ ಬಟ್ಟೆಯ ಪದರ ಹಾಸಿ, ಅದರ ಮೇಲೆ ಸ್ಪಂಜು ಇಡುವುದು ಅವನು ಅಪ್ಪನಿಂದ ಕಲಿತ ಪದ್ಧತಿ. ಹಾಗೆ ಮಾಡಿದರೆ ಎಷ್ಟು ಕಾಲವಾದರೂ ಸ್ಪ್ರಿಂಗು ಚುಚ್ಚುವುದಿಲ್ಲ. ಮನೆಯಿಂದ ತಂದ ಹಳೇ ಬಟ್ಟೆಯ ಗಂಟಿಗೆ ಕೈ ಹಾಕಿದ. ತನ್ನ ನೀಲಿ ಅಂಗಿ ಸಿಕ್ಕಿತು, ಹಾಸಿದ. ಪಕ್ಕಕ್ಕೆ ಇನ್ನೇನೋ ಮೆತ್ತನೆಯದು ಸಿಕ್ಕಿತು, ನೋಡದೆ ಅದನ್ನೂ ಹಾಸಿದ. ದಾರದ ತುದಿಯನ್ನು ತುಟಿಗೆ ಹಚ್ಚಿ ದಬ್ಬಣಕ್ಕೆ ಪೋಣಿಸಿದ. ಒಂದೆರಡು ಸಲ ದಬ್ಬಣ ಬೆರಳಿಗೂ ಚುಚ್ಚಿತು. ಇರಲಾರದೆ ಮೈಮೇಲೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ ನೋಡಿ.

ಹೊಸ ಸೀಟು ಬೆಣ್ಣೆಯಂತಿತ್ತು. ಮೊದಮೊದಲು ಇಳಿಯುವಾಗ ತೊಡೆಯ ಹಿಂದೆ ಯಾರೋ ದಾರ ಜಗ್ಗಿದಂತಾಗುತ್ತಿತ್ತು. ಹೊಸ ರೆಕ್ಸಿನ್ ಅಂಟುತ್ತದೆ ಎಂದುಕೊಂಡ. ಆಮೇಲಾಮೇಲೆ ಬಾಗಿಲಿನ ಚೌಕಟ್ಟು ಹಿಡಿದು ಮೈಯನ್ನು ಕಿತ್ತುಕೊಳ್ಳಬೇಕಾಯಿತು. ರಾತ್ರಿ ಪ್ಯಾಂಟು ಕಳಚಿದರೆ ತೊಡೆಯ ಮೇಲೆ ಸಾಲಾಗಿ ರಕ್ತದ ಚುಕ್ಕಿ. ಸಾಲು ಅವನ ಹೊಲಿಗೆಯಷ್ಟೇ ನೇರ. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ನಾಳೆಯೇ ಗಾಡಿಯನ್ನು ಗುಜರಿಗೆ ಹಾಕುತ್ತೇನೆ ಎಂದುಕೊಂಡ. ಶಾಲೆಯಿಂದ ಮಗಳನ್ನು ಕರೆತಂದ ಮೇಲೆ.

ಮರುದಿನ ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿದ. ಎಂಜಿನ್ ಆರಿಸಿದ. ಏಳಲು ಹೋದ.

ಆಗಲಿಲ್ಲ.

ಜಗ್ಗಿದ. ಚರ್ಮ ಎಳೆದುಕೊಂಡಿತು. ಸೀಟಿನೊಳಗೆ ಸರಕ್, ಸರಕ್. ದಾರ ಬಟ್ಟೆಯಲ್ಲಿ ಹಾಯುವ ಸದ್ದು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಬೆನ್ನಿಗೆ ಚುಚ್ಚಿತು. ಸೊಂಟಕ್ಕೆ ಚುಚ್ಚಿತು. ಗಾಡಿಯ ತುಂಬ ಸುಟ್ಟ ಕೂದಲಿನ ಕಮಟು. “ಪುಟ್ಟೀ, ಇಳಿ! ಅಮ್ಮನ್ನ ಕರಿ!”

ಪಕ್ಕದಲ್ಲಿ ಮಗಳು ಬ್ಯಾಗನ್ನು ಎದೆಗವಚಿಕೊಂಡು ಕೂತಿದ್ದಳು.

“ಅಪ್ಪಾ... ನಂಗೂ ಏಳಕ್ಕಾಗ್ತಿಲ್ಲ.”

ಚೀರಾಟ ಕೇಳಿ ಹೆಂಡತಿ ಓಡಿ ಬಂದಳು. ಮಗುವಿನ ರಟ್ಟೆ ಹಿಡಿದೆಳೆದಳು. ಮಗು ಕಿರುಚಿತು, ಬಿಟ್ಟಳು.

“ಒಳಗೇನು ಹಾಕಿದ್ರಿ? ಹೇಳ್ರೀ!”

“ಹಳೇ ಬಟ್ಟೆ ಗಂಟು... ನನ್ನ ನೀಲಿ ಅಂಗಿ...”

“ಅಯ್ಯೋ, ಅದರಲ್ಲಿ ಪುಟ್ಟಿ ಹಳದಿ ಫ್ರಾಕೂ ಇತ್ತಲ್ರೀ!”

ಡ್ಯಾಷ್‌ಬೋರ್ಡಿನಲ್ಲಿದ್ದ ಕತ್ತರಿಯನ್ನು ಅವನು ಅವಳತ್ತ ಎಸೆದ. ಅವಳು ಮಗಳ ಕಡೆಯ ಹೊಲಿಗೆ ಕತ್ತರಿಸಿದಳು. ಕೈ ತೂರಿಸಿದಳು. ಒಳಗೆ ಬೆಚ್ಚಗಿತ್ತು, ಒದ್ದೆಯಾಗಿತ್ತು. ಹಳದಿ ಬಟ್ಟೆಯ ತುದಿ ಸಿಕ್ಕಿತು. ಎಳೆದಳು. ಸೀಟು ಬಿಡಲಿಲ್ಲ. ಹಲ್ಲು ಕಚ್ಚಿ ಎಳೆದಳು. ಚರ್ರನೆ ಫ್ರಾಕು ಹೊರಬಂತು. ಮಗು ಉರುಳಿ ರಸ್ತೆಗೆ ಬಿತ್ತು, ಎದ್ದು ನಿಂತಿತು.

“ಈಗ ನಿಮ್ಮದು” ಎಂದು ಅವಳು ಮತ್ತೆ ಕೈ ತೂರಿಸಿ ಅಂಗಿಯ ಕಾಲರು ಹಿಡಿದಳು. ಅದು ಅರ್ಧ ಹೊರಬಂತು. ಮೇಸ್ತ್ರಿಯ ಕಾಲು ಸಡಿಲವಾಯಿತು. ಅದೇ ಗಳಿಗೆಯಲ್ಲಿ ಅವನು ಬೆಂಕಿಗೆ ಹಾಕಿದ್ದ ಅದೇ ಕರಿದಾರದ ಎಳೆಯೊಂದು ಸೀಟಿನೊಳಗಿಂದ ತೆವಳಿ ಬಂದು ಅವಳ ಮಣಿಕಟ್ಟನ್ನು ಸುತ್ತಿತು. ಒಂದು ಸುತ್ತು. ಎರಡು.

ಅವನಿಗೆ ಮುದುಕನ ಮಾತು ನೆನಪಾಯಿತು. ಖಾಲಿ ಮಾಡಿದರೆ ಇನ್ನೊಬ್ಬರನ್ನು ಕೇಳುತ್ತದೆ. ವಾಪಸ್ ಇಡೋಣವೆಂದರೆ ಮುದುಕನ ಅಣ್ಣನ ಅಂಗಿಯನ್ನು ತಾನೇ ಸುಟ್ಟು ಬೂದಿ ಮಾಡಿದ್ದ.

“ಬಿಡು. ಒಳಗೆ ತಳ್ಳು.”

“ಬಿಡಲ್ಲ ಕಣ್ರೀ!”

“ಪುಟ್ಟಿಗೆ ಯಾರಿದ್ದಾರೆ ಆಮೇಲೆ? ತಳ್ಳೇ!”

ಅವಳು ಅಂಗಿಯನ್ನು ಒಳಗೆ ತಳ್ಳಿದಳು. ದಾರ ಅವಳ ಕೈ ಬಿಟ್ಟು ಅವನ ಕಡೆ ಸರಿಯಿತು. ಅವನು ಡ್ಯಾಷ್‌ಬೋರ್ಡಿನಲ್ಲೇ ಇದ್ದ ದಬ್ಬಣಕ್ಕೆ ತಾನೇ ದಾರ ಪೋಣಿಸಿ ಅವಳ ಕೈಗಿಟ್ಟ. ಅವಳು ಅಳುತ್ತಾ ಹೊಲಿದಳು. ಕತ್ತಲಾಗುತ್ತಿತ್ತು, ಕಣ್ಣೀರಿಗೆ ದಾರ ಕಾಣುತ್ತಿರಲಿಲ್ಲ.

“ಹೊಲಿಗೆ ಹತ್ತಿರ ಹತ್ತಿರ ಹಾಕು. ಹಾಗಲ್ಲ, ಬಿಗಿಯಾಗಿ ಎಳಿ” ಎಂದು ಅವನು ಹೇಳಿಕೊಡುತ್ತಿದ್ದ. “ಯಾರು ಕೇಳಿದ್ರೂ ಬಿಚ್ಚಬಾರದು. ನಾನು ಕೇಳಿದ್ರೂ.”

ಕೊನೆಯ ಗಂಟು ಬಿತ್ತು. ಮಗಳು ರಸ್ತೆಯಲ್ಲಿ ನಿಂತು ಹರಿದ ಹಳದಿ ಫ್ರಾಕನ್ನು ಮುದುಡಿ ಹಿಡಿದುಕೊಂಡಿದ್ದಳು.

“ಅಪ್ಪಾ, ನೀನೂ ಇಳಿ. ಮನೆಗೆ ಹೋಗಣ.”

ಅವನು ಸ್ಟೇರಿಂಗ್ ಹಿಡಿದುಕೊಂಡು ನಗಲು ನೋಡಿದ.

“ನೀನು ಒಳಗೆ ಹೋಗು ಕಂದಾ. ನಾನು ಗಾಡಿ ನಿಲ್ಲಿಸಿ ಬರ್ತೀನಿ.”

ಗಾಡಿ ಆಗಲೇ ನಿಂತಿತ್ತು.