ಐದನೇ ತೂತು

ಮರ ಕುಯ್ಯುವ ಚೈನ್ ಸಾ ಹಿಡಿದು ಅವಳು ಮೊದಲ ಸಲ ನನ್ನ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತಾಗ ನಾನು ಬೈದೆ.

"ಇದನ್ನ ಹೀಗೇ ಓಡಿಸ್ತಿದೀರಾ? ಚೈನು ಕಾದು ನೀಲಿ ತಿರುಗಿದೆ. ಪ್ರಾಣ ಬೇಡ್ವಾ ನಿಮಗೆ?"

"ನಮಸ್ಕಾರ," ಎಂದಳು ಅವಳು. "ಮೊದಲು ಅದನ್ನ ಹೇಳೋಣ ಅಂತ ಬಂದೆ."

ಮೂಲೆಯಲ್ಲಿ ಬೋಲ್ಟು ವಿಂಗಡಿಸುತ್ತಿದ್ದ ನನ್ನಕ್ಕ ಕಿಸಕ್ಕನೆ ನಕ್ಕಳು. ಬೀದಿಯಲ್ಲಿ ನನಗೆ ಸಿಡುಕ ಮೇಸ್ತ್ರಿ ಅಂತಲೇ ಹೆಸರು. ಹಾಗೆ ನಮಸ್ಕಾರ ಹೇಳಿ ನನ್ನ ಬಾಯಿ ಮುಚ್ಚಿಸಿದವರು ಅದುವರೆಗೆ ಯಾರೂ ಇರಲಿಲ್ಲ.

ಮಷೀನು ಅವಳಪ್ಪನದು, ನನಗಿಂತ ಮೂರು ವರ್ಷ ಚಿಕ್ಕದು. ಅಪ್ಪ ಹೋದ ಮೇಲೆ ಮರ ಕುಯ್ಯುವ ಕೆಲಸವನ್ನೂ ಇದನ್ನೂ ಒಟ್ಟಿಗೇ ಕೈಗೆತ್ತಿಕೊಂಡಿದ್ದಳು. ಹನ್ನೆರಡು ವರ್ಷವಾಗಿತ್ತು. ಇಂಥ ಮಷೀನಿನಲ್ಲಿ ಓಡುವ ಚೈನಿಗೆ ಎಣ್ಣೆ ಬೀಳುತ್ತಲೇ ಇರಬೇಕು. ಅದಕ್ಕೆಂದೇ ಒಳಗೊಂದು ಪುಟ್ಟ ಪಂಪು ಇರುತ್ತದೆ, ಎಂಜಿನ್ ತಿರುಗಿದರೆ ತಾನೂ ತಿರುಗುತ್ತದೆ. ಇದರ ಪಂಪು ಸತ್ತೇ ಹೋಗಿತ್ತು. ಬೇರೆ ಕೊಳವೆಯಿಂದ ಎಣ್ಣೆ ಬಿಡಲು ಹಿಡಿಯ ಪಕ್ಕ ಇರುವ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅವಳು ಕಾಲ ಹಾಕಿದ್ದಳು.

"ಒಂದು, ಎರಡು, ಮೂರು ಅಂತ ಎಣಿಸ್ತೀನಿ. ಒಂದ್ಸಲ ಒತ್ತುತೀನಿ. ಮತ್ತೆ ಒಂದು, ಎರಡು, ಮೂರು."

"ಎಣಿಕೆ ತಪ್ಪಿದ್ರೆ?"

"ಹೊಗೆ ಬರುತ್ತೆ." ಹೆಬ್ಬೆರಳು ಚಾಚಿ ತೋರಿಸಿದಳು. ಅದರ ತುದಿ ಚಪ್ಪಲಿಯ ತೊಗಲಿನ ಹಾಗೆ ಗಟ್ಟಿಯಾಗಿತ್ತು.

ನನಗೆ ಕೆಲಸ ಕಲಿಸಿದ ಗುರುವಿನ ಎಡಗೆನ್ನೆಯಲ್ಲಿ ಕಿವಿಯಿಂದ ತುಟಿಯವರೆಗೆ ಒಂದು ಗೆರೆಯಿತ್ತು. ಎಣ್ಣೆಯಿಲ್ಲದೆ ಕಾದು ಹರಿದ ಚೈನು ಎಳೆದ ಗೆರೆ. ನಾನು ಅವಳ ಕೆನ್ನೆ ನೋಡಿದೆ.

"ಬಿಟ್ಟು ಹೋಗಿ," ಎಂದೆ. "ಸರಿ ಮಾಡದೆ ಕೊಡಲ್ಲ."

ನಾಲ್ಕು ದಿನ ಅದನ್ನೇ ಹಿಡಿದು ಕೂತೆ. ಟ್ಯಾಂಕಿನ ತಳದಲ್ಲಿ ಹಳೇ ಎಣ್ಣೆ ಡಾಂಬರಿನಂತೆ ಕೂತಿತ್ತು. ಪಂಪಿನ ಹಲ್ಲು ಸವೆದಿತ್ತು, ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ, ನಾನೇ ಕಡೆದೆ. ಅವಳು ದಿನಾ ಸಂಜೆ ಬಂದು ಬೋರಲು ಹಾಕಿದ ಡಬ್ಬದ ಮೇಲೆ ಕೂರುತ್ತಿದ್ದಳು.

"ಆಯ್ತಾ?"

"ಆದಾಗ ಹೇಳ್ತೀನಿ."

"ಬೈದು ಹೇಳ್ತೀರೋ, ಸುಮ್ನೆ ಹೇಳ್ತೀರೋ?"

ಅಕ್ಕ ಬೋಲ್ಟಿನ ಡಬ್ಬಿಯೊಳಗೆ ಮುಖ ಹುದುಗಿಸಿದಳು. ನಲವತ್ತೇಳು ವರ್ಷದ ಗಂಡಸು ಕಿವಿ ಕೆಂಪಾಗಿಸಿಕೊಂಡು ಕೂರುವುದು ಎಂಥ ಅವಮಾನ! ಕೆಲಸ ಮುಗಿದರೆ ಅವಳು ಬರುವುದಿಲ್ಲ ಎಂಬ ಭಯ ಒಂದು ಕಡೆ, ಮುಗಿಯದಿದ್ದರೆ ಆ ಕೆನ್ನೆಯ ಭಯ ಇನ್ನೊಂದು ಕಡೆ.

ಐದನೇ ಸಂಜೆ ಎಣ್ಣೆ ಸೋರದಂತೆ ಪಂಪಿನ ಕೆಳಗಿಡುವ ಗ್ಯಾಸ್ಕೆಟ್ಟು ಒಂದೇ ಬಾಕಿ. ದಪ್ಪ ಕಾಗದ ಕತ್ತರಿಸಿ ತೂತು ಹೊಡೆಯತೊಡಗಿದೆ. ಅವಳು ಜಡೆ ಬಿಚ್ಚಿದಳು. ಪಿನ್ನುಗಳನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈ ಮೇಲೆತ್ತಿ ಕೂದಲು ಕಟ್ಟಿಕೊಂಡಳು. ಕತ್ತಿನ ಹಿಂದೆ ಒಂದು ಎಳೆ ಮಾತ್ರ ಕೈಗೆ ಸಿಗದೆ ಉಳಿಯಿತು.

"ಏನು ನೋಡ್ತಿದೀರಾ?" ಪಿನ್ನುಗಳ ನಡುವಿನಿಂದ ಕೇಳಿದಳು.

"ಬೆಳಕಿಗೆ ಅಡ್ಡ ಕೂತಿದೀರಿ."

"ಬೆಳಕು ಆ ಕಡೆಯಿಂದ ಬರ್ತಿದೆಯಲ್ಲ!"

ಪಂಪು ಕೂಡಿಸಿದೆ. ಹೊಸ ಚೈನಿಗೆ ಕೈಯಿಂದಲೇ ಎಣ್ಣೆ ಸವರಿ ಹಾಕಿದೆ. ಚೈನು ಸುತ್ತುವ ಉದ್ದನೆಯ ಬಾರಿನ ತುದಿಯನ್ನು ಬಿಳಿ ರಟ್ಟಿನತ್ತ ತಿರುಗಿಸಿ ಎಂಜಿನ್ ವೇಗ ಏರಿಸಿದರೆ ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಅದೇ ಪರೀಕ್ಷೆ. ಗೆರೆ ಬಿತ್ತು. "ಬಂತು! ಬಂತು!" ಎಂದು ಅವಳು ಹುಡುಗಿಯ ಹಾಗೆ ಕೂಗಿದಳು.

"ಇನ್ಮೇಲೆ ಹೆಬ್ಬೆರಳು ಒತ್ತೋ ಹಾಗಿಲ್ಲ. ಗಟ್ಟಿಯಾಗಿ ಹಿಡ್ಕೊಳ್ಳಿ, ಅಷ್ಟೇ. ತಿಳೀತಾ?"

"ತಿಳೀತು, ಮೇಸ್ತ್ರಿ. ಬೆಳಿಗ್ಗೆ ಆಸ್ಪತ್ರೆ ಹಿಂದಿನ ಒಣಮರ ಕುಯ್ಯೋದಿದೆ." ಒಂದು ಗಳಿಗೆ ಹೊಸ್ತಿಲಲ್ಲಿ ನಿಂತಳು. ನಾನು ಏನಾದರೂ ಹೇಳಬಹುದಿತ್ತು. ಸ್ಪ್ಯಾನರ್ ಒರೆಸಿದೆ. ಹೊರಟುಹೋದಳು.

"ಮಷೀನಿಗೆ ಎಣ್ಣೆ ಬಂತು," ಎಂದಳು ಅಕ್ಕ. "ನಿನ್ನ ಬಾಯಿಗೆ ಮಾತು ಬರ್ಲಿಲ್ಲ."

ಮರುದಿನ ಬೆಳಿಗ್ಗೆ ಮೇಜು ಒರೆಸುವಾಗ ಶೀಸೆಯ ಮುಚ್ಚಳ ಕೈಗೆ ಸಿಕ್ಕಿತು. ತೂತು ಹೊಡೆದಾಗ ಉದುರುವ ಕಾಗದದ ಬಿಲ್ಲೆಗಳನ್ನು ಮುಚ್ಚಳದಲ್ಲಿ ಹಾಕಬೇಕು, ಎಣಿಸಿದ ಮೇಲೆಯೇ ಕೂಡಿಸಬೇಕು. ಗುರು ಕಲಿಸಿದ್ದು. ಇಪ್ಪತ್ತೈದು ವರ್ಷ ತಪ್ಪದೆ ಎಣಿಸಿದವನು ನಿನ್ನೆ ಎಣಿಸಿರಲಿಲ್ಲ.

ಈಗ ಎಣಿಸಿದೆ. ನಾಲ್ಕು.

ನಾಲ್ಕು ಸ್ಕ್ರೂಗಳಿಗೆ. ಎಣ್ಣೆ ಹೋಗುವ ಐದನೆಯದು ಇಲ್ಲ. ಮೇಜಿನ ಕೆಳಗೆ ಮಂಡಿಯೂರಿ ತಡಕಾಡಿದೆ.

"ಏನೋ ಹುಡುಕ್ತಿದೀಯ?"

"ತೂತು!"

"ತೂತನ್ನ ಯಾರಾದ್ರೂ ಹುಡುಕ್ತಾರೇನೋ?"

ಹಾಗಾದರೆ ರಟ್ಟಿನ ಮೇಲೆ ಬಿದ್ದ ಗೆರೆ? ನಾನು ಕೈಯಿಂದ ಸವರಿದ ಎಣ್ಣೆಯದು. ಎರಡು ನಿಮಿಷಕ್ಕೆ ಮುಗಿದುಹೋಗುವ ಎಣ್ಣೆ. ಒತ್ತಬೇಡ ಎಂದು ಬೈದು ಕಳಿಸಿದವನೂ ನಾನೇ.

ಫೋನ್ ಮಾಡಿದೆ. ಎತ್ತಲಿಲ್ಲ. ಮಷೀನು ಕೈಯಲ್ಲಿದ್ದರೆ ಯಾರಿಗೆ ಕೇಳುತ್ತದೆ? ನನ್ನ ಸ್ಕೂಟರ್ ನೆಲದ ಮೇಲೆ ಬಿಚ್ಚಿ ಬಿದ್ದಿತ್ತು. ಓಡಿದೆ. ಹವಾಯಿ ಚಪ್ಪಲಿ ತಿರುವಿನಲ್ಲೇ ಉಳಿಯಿತು.

ಆಸ್ಪತ್ರೆಯ ಗೋಡೆ ಕಾಣುವ ಮೊದಲೇ ಸದ್ದು ಕೇಳಿಸಿತು. ಇಷ್ಟು ವರ್ಷ ತಲೆನೋವು ತಂದ ಆ ಕರ್ಕಶ ಸದ್ದು ನಿಲ್ಲದಿರಲಿ ಎಂದು ಬೇಡಿಕೊಂಡೆ. ಸದ್ದು ಇದ್ದರೆ ಅವಳಿದ್ದಾಳೆ. ಗೋಡೆ ದಾಟಿ ಓಣಿಗೆ ತಿರುಗಿದೆ.

ಸದ್ದು ಫಟ್ಟನೆ ನಿಂತಿತು.

ನನ್ನ ಕಾಲುಗಳೂ ನಿಂತವು. ಯಾರೂ ಕಿರುಚಲಿಲ್ಲ. ಮುಂದೆ ಹೋಗಿ ನೋಡುವ ಧೈರ್ಯ ನನಗಿರಲಿಲ್ಲ. ನೋಡದೆ ನಿಲ್ಲುವುದಕ್ಕೂ ಆಗಲಿಲ್ಲ.

"ಅಲ್ರೀ, ನಿಮಗೇನು ತಲೆ ಕೆಟ್ಟಿದೆಯಾ?"

ಮರದ ಬುಡದಲ್ಲಿ ಮಷೀನು ಹಿಡಿದು ಅವಳು ನಿಂತಿದ್ದಳು. ಕೆನ್ನೆಯ ಮೇಲೆ ಮರದ ಪುಡಿ, ಬೇರೇನೂ ಇಲ್ಲ.

"ಮರ ಬೀಳೋ ದಾರೀಲೇ ಒಬ್ಬ ಬರಿಗಾಲಲ್ಲಿ ಓಡಿ ಬರ್ತಿದಾನೆ ಅಂತ ಆಫ್ ಮಾಡ್ದೆ. ನೋಡಿದ್ರೆ ನೀವು!"

"ಚೈನು..." ಉಸಿರು ಸಿಗಲಿಲ್ಲ. "ಎಣ್ಣೆ..."

"ಬರ್ತಿಲ್ವಾ? ನನಗೆ ಗೊತ್ತಾಗ್ಲೇ ಇಲ್ಲ." ಹೆಬ್ಬೆರಳು ನೋಡಿಕೊಂಡಳು. "ಒತ್ತಬೇಡಿ ಅಂದ್ರಿ. ನಾನು ಕೇಳ್ದೆ, ಇದು ಕೇಳ್ಲಿಲ್ಲ. ಹನ್ನೆರಡು ವರ್ಷದ ಚಾಳಿ."

ನಾನು ಕುಯ್ದು ಬಿದ್ದಿದ್ದ ಕೊಂಬೆಯ ಮೇಲೆ ಕುಸಿದು ಕೂತೆ. ತಪ್ಪು ನನ್ನದು ಎಂದು ನಾನು ಯಾವ ಗಿರಾಕಿಗೂ ಹೇಳಿದವನಲ್ಲ.

"ತಪ್ಪು ನಂದು," ಎಂದೆ. "ಗ್ಯಾಸ್ಕೆಟ್ಟಿಗೆ ಐದು ತೂತು ಹೊಡೀಬೇಕಿತ್ತು. ನಾಲ್ಕೇ ಹೊಡೆದೆ. ಪಂಪಿನ ಎಣ್ಣೆ ದಾರಿ ಮುಚ್ಚಿದೆ."

"ನೀವಾ? ನಾಲ್ಕಾ? ಯಾಕೆ?"

ಸುಳ್ಳು ಹೇಳಲು ಎಷ್ಟೋ ದಾರಿಯಿತ್ತು. ಕಾಗದ ಕೆಟ್ಟದ್ದು ಅನ್ನಬಹುದಿತ್ತು. ಕಣ್ಣು ಮಂಜು ಅನ್ನಬಹುದಿತ್ತು.

"ನೀವು ಕೂದಲು ಕಟ್ಕೊಳ್ತಿದ್ರಿ."

ಹೇಳಿಬಿಟ್ಟ ಮೇಲಿನ ಈ ಭಯ ಬೇರೆ, ಓಣಿಯಲ್ಲಿ ಸದ್ದು ನಿಂತಾಗಿನದಕ್ಕಿಂತ ಒಂದು ಕೂದಲೆಳೆ ಮಾತ್ರ ಕಡಿಮೆ. ಅವಳು ಮಷೀನನ್ನು ನೆಲಕ್ಕಿಟ್ಟು ಬಂದು ಪಕ್ಕದಲ್ಲಿ ಕೂತಳು.

"ಬೆಳಕು ಆ ಕಡೆಯಿಂದ ಬರ್ತಿದೆ ಅಂತ ಆಗ್ಲೇ ಹೇಳಿದ್ನಲ್ಲ," ಎಂದಳು ಮೆಲ್ಲಗೆ.

"ಹೂಂ."

"ಐದನೇದು ಹೊಡೆಯುವಾಗ ನಾನು ಎಲ್ಲಿ ಕೂರ್ಲಿ? ಆಚೆನಾ?"

"ಬೇಡ. ಎದುರಿಗೇ ಕೂತ್ಕೊಳ್ಳಿ. ಬಿಲ್ಲೆ ನೀವೇ ಎಣಿಸಿ."

ನನ್ನ ಕೈಯನ್ನು ಎಳೆದುಕೊಂಡಳು. ಆ ಗಟ್ಟಿ ಹೆಬ್ಬೆರಳನ್ನು ನನ್ನ ಅಂಗೈಯ ನಡುವೆ ಇಟ್ಟಳು.

"ಒಂದು, ಎರಡು, ಮೂರು," ಎಂದು ಒತ್ತಿದಳು.

ಮತ್ತೆ ಎಣಿಸತೊಡಗಿದಳು.