ಕಲಬೆರಕೆಯಲ್ಲದ ರಕ್ತ

"ನಾನು ಕಳಿಸಿದ ರಕ್ತದ ಸ್ಯಾಂಪಲ್ ಕಲಬೆರಕೆ ಅಂತ ಬರೆದಿದ್ದು ನೀವೇನಾ?"

ಲ್ಯಾಬಿನ ಬಾಗಿಲಲ್ಲಿ ಡಾಕ್ಟರ್ ನಿಂತಿದ್ದ. ದೂರದ ಗಣಿ ಆಸ್ಪತ್ರೆಯಿಂದ ನೇರ ಬಂದಿದ್ದ. ಅಂಗಿಯೆಲ್ಲ ಧೂಳು, ಕಣ್ಣು ಕೆಂಡ.

ಒಳಗೆ ಕೂತಿದ್ದ ಸಂಶೋಧಕಿ ತಲೆಯೆತ್ತಿದಳು. ಮಲೇರಿಯಾ ಪರಾವಲಂಬಿಯ ಜೀನು ಓದುವುದೇ ಅವಳ ಕೆಲಸ. "ಬರೆದಿದ್ದು ನಮ್ಮ ಪ್ರೊಫೆಸರು. ನಾನು ಬೇಡ ಅಂದೆ. ಜಗಳ ಆಡೋದಿದ್ರೆ ಮೊದಲು ನೀರು ಕುಡೀರಿ."

ಅವನಿಗೆ ನಗು ತಡೆಯಲಾಗಲಿಲ್ಲ.

ಅವಳು ಪರದೆ ತೋರಿಸಿದಳು. "ಇದು ಪರಾವಲಂಬಿಯ ಮೈಮೇಲಿನ ಪ್ರೋಟೀನ್. ಇದನ್ನ ನೋಡೇ ನಮ್ಮ ದೇಹ ಶತ್ರು ಅಂತ ಗುರುತು ಹಿಡಿಯೋದು. ಸಿಕ್ಕಿಬಿದ್ದವು ಸಾಯ್ತವೆ, ಸ್ವಲ್ಪ ಬೇರೆ ಥರ ಇರೋವು ಉಳಿದು ಬೆಳೀತವೆ. ಹಾಗೇ ರೂಪ ಬದಲಾಗ್ತಾ ಹೋಗುತ್ತೆ. ನಿಮ್ಮ ಒಬ್ಬೊಬ್ಬ ರೋಗಿಯಲ್ಲೂ ಹಲವು ರೂಪ ಇವೆ."

"ಅಂದ್ರೆ ಒಂದೇ ರೂಪ ನಂಬಿ ಮಾಡಿದ ಲಸಿಕೆ..."

"ನಿಮ್ಮಲ್ಲಿ ಸೋಲಬಹುದು. ಲಸಿಕೆ ಪ್ರೊಫೆಸರದ್ದು. ಅದಕ್ಕೇ ಬೇರೆಬೇರೆ ರಕ್ತ ಬೆರೆತಿದೆ, ಕಲಬೆರಕೆ ಅಂತ ಬರೆದ್ರು."

ಆಮೇಲೆ ವಾರವಾರವೂ ಅವನು ಹೊಸ ರಕ್ತ ತಂದ. ಇಬ್ಬರೂ ಮಾಸ್ಕ್ ಹಾಕಿಕೊಂಡು ಪಕ್ಕಪಕ್ಕ ಕೂರುತ್ತಿದ್ದರು. ಕಾಣುತ್ತಿದ್ದದ್ದು ಕಣ್ಣಷ್ಟೇ. ಅವು ಆಗಾಗ ದಾರಿ ತಪ್ಪಿ ಒಂದನ್ನೊಂದು ಸೇರುತ್ತಿದ್ದವು.

ಅಕ್ಕ ಫೋನಿನಲ್ಲಿ ಗದರಿದಳು. "ದೊಡ್ಡವರನ್ನ ಎದುರು ಹಾಕ್ಕೋಬೇಡ್ವೇ. ಒಂದು ಸಲ ತಲೆ ತಗ್ಗಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಕತ್ತು ನೋಯುತ್ತೆ ಅಕ್ಕಾ."

ಕೊನೆಗೆ ಮೀಟಿಂಗ್ ಬಂತು. "ಗಣಿ ಆಸ್ಪತ್ರೆಯ ಸ್ಯಾಂಪಲ್ ಬಿಟ್ಟು ವರದಿ ಕಳಿಸೋಣ" ಎಂದರು ಪ್ರೊಫೆಸರ್.

ಅವಳು ಎದ್ದು ನಿಂತಳು. "ಹಾಗಾದ್ರೆ ನನ್ನ ಹೆಸರೂ ಬಿಡಿ ಸರ್. ಹೊಸ ರಕ್ತದಲ್ಲೂ ಅದೇ ಹಲವು ರೂಪ ಬಂದಿವೆ, ಬೇರೆ ಲ್ಯಾಬಲ್ಲಿ ನೋಡಿಸಿದ್ರೂ ಅದೇ ಬಂದಿದೆ. ಡಾಕ್ಟರ ಜೊತೆ ಸೇರಿ ನಾನೇ ಇನ್ನೊಂದು ವರದಿ ಕಳಿಸ್ತೀನಿ."

"ನಾಳೆಯಿಂದ ಇಲ್ಲಿಗೆ ಬರೋದು ಬೇಡ."

"ಆಯ್ತು ಸರ್."

ಹೊರಗೆ ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದ ಡಾಕ್ಟರ್ ಸುದ್ದಿ ಕೇಳಿ ಮುಖ ಸಣ್ಣದು ಮಾಡಿಕೊಂಡ. "ನನ್ನಿಂದ ನಿಮ್ಮ ಕೆಲಸ ಹೋಯ್ತು."

"ಎಲ್ಲದಕ್ಕೂ ನೀವೇ ಕಾರಣ ಅನ್ನೋ ಜಂಬ ಬಿಡಿ."

"ಸರಿ. ಆದ್ರೆ ಒಂದಕ್ಕೆ ನೀವು ಕಾರಣ." ಅವನು ರಸ್ತೆ ನೋಡುತ್ತ ಹೇಳಿದ. "ಕೊರಿಯರಲ್ಲಿ ಕಳಿಸಬಹುದಾಗಿದ್ದ ರಕ್ತಾನ ಪ್ರತಿ ವಾರ ನಾನೇ ಹೊತ್ತು ತಂದಿದ್ದಕ್ಕೆ."

ಅವಳ ಕಿವಿ ಬಿಸಿಯಾಯಿತು. "ಗೊತ್ತಿತ್ತು. ಕೊರಿಯರಲ್ಲಿ ಕಳಿಸಿ ಅಂತ ನಾನೂ ಅದಕ್ಕೇ ಹೇಳ್ಲಿಲ್ಲ."

ಬಸ್ ಬಂತು. ಅವನಿಗಿಂತ ಮೊದಲು ಅವಳೇ ಹತ್ತಿ, ಕೈ ಚಾಚಿದಳು.

"ನೀವೆಲ್ಲಿಗೆ?"

"ನಿಮ್ಮ ಆಸ್ಪತ್ರೆಗೆ. ವರದಿ ಬರೀಬೇಕಲ್ಲ. ಒಂದು ಟೇಬಲ್ ಇದೆಯಾ?"

"ಇದೆ. ಕಾಲು ಅಲ್ಲಾಡುತ್ತೆ."

"ಪರವಾಗಿಲ್ಲ. ನಂದು ಅಲ್ಲಾಡಲ್ಲ."

ಅವನು ಆ ಕೈ ಹಿಡಿದು ಹತ್ತಿದ. ಸೀಟು ಸಿಕ್ಕಿದ ಮೇಲೂ ಬಿಡಲಿಲ್ಲ.