ಜೀನ್ಸ್ ಪಟ್ಟಿ ಕಟ್ಟಿದ ಮೊಲ

"ಏ! ಬಿಡ್ರೀ ಅದನ್ನ! ಮೂಕ ಪ್ರಾಣಿಗೆ ಹಗ್ಗ ಹಾಕಿ ಕುಣಸಾಕತ್ತೀರಲ್ಲ, ನಾಚಿಕಿ ಆಗಂಗಿಲ್ಲೇನು ನಿಮಗ?"

ಬಳ್ಳಾರಿಯ ಆ ಕಲ್ಯಾಣ ಮಂಟಪದಲ್ಲಿ ನೆರೆದಿದ್ದ ಜನವೆಲ್ಲ ಒಮ್ಮೆಲೇ ತಿರುಗಿ ನೋಡಿತು.

ಅಂದು ಅಲ್ಲಿ ಸಾಕುಪ್ರಾಣಿಗಳ ಪ್ರದರ್ಶನ. ಒಂದು ಮೂಲೆಯಲ್ಲಿ ಚಾಪೆ ಹಾಸಿ, ಗೇಣೆತ್ತರದ ಐದು ಪುಟ್ಟ ಬೇಲಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮೊದಲ ಬೇಲಿಯ ಮುಂದೆ ಕಂದು ಬಣ್ಣದ ಮೊಲವೊಂದು ಕೂತಿತ್ತು. ಅದರ ಎದೆಯ ಸುತ್ತ ನೀಲಿ ಜೀನ್ಸ್ ಬಟ್ಟೆಯ ಪಟ್ಟಿ, ಪಟ್ಟಿಗೆ ಉದ್ದನೆಯ ಹಗ್ಗ. ಹಗ್ಗ ಹಿಡಿದು ನಿಂತಿದ್ದವನ ಕೈಯಿಂದ ಅದನ್ನು ಅಂಜನಾ ಕಸಿದುಕೊಂಡೇಬಿಟ್ಟಿದ್ದಳು!

ಅವನು ಬಾಯಿ ತೆರೆಯುವಷ್ಟರಲ್ಲಿ ಮೊಲ ತಾನಾಗಿಯೇ ಚಂಗನೆ ಹಾರಿತು!

ಒಂದು ಬೇಲಿ... ಎರಡು... ಮೂರು...

ಅಂಜನಾ ಬೆಚ್ಚಿ ನಿಂತಳು.

"ಮೇಡಂ, ಹಗ್ಗ ನಿಮ್ಮ ಕೈಯಾಗೈತಿ. ಓಡ್ರಿ! ಇಲ್ಲಾಂದ್ರ ನಮ್ಮ ಪೈಲ್ವಾನ ನಿಮ್ಮನ್ನ ಎಳಕೊಂಡ ಹೋಗ್ತಾನ!"

ಬೇರೆ ದಾರಿ ಕಾಣದೆ ಅವಳು ಸೀರೆಯ ನೆರಿಗೆ ಹಿಡಿದು ಓಡಿದಳು. ಐದನೆಯ ಬೇಲಿ ದಾಟಿದ ಮೊಲ ಹಿಂಗಾಲ ಮೇಲೆ ಎದ್ದು ನಿಂತು ಅವಳ ಸೆರಗನ್ನು ಮೂಸಿತು. ಜನ ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ಅವಳ ಕಿವಿಯೆಲ್ಲ ಬಿಸಿಯಾಯಿತು.

"ನಾನು... ನೀವು ಹಿಂಸಿ ಮಾಡಾಕತ್ತೀರಿ ಅಂತ..."

"ಎಲ್ಲಾರೂ ಹಂಗ ಅನ್ಕೊಂತಾರ್ರಿ," ಎಂದು ಅವನು ನಕ್ಕ. "ಹಗ್ಗ ಇರೋದು ಎಳಿಯಾಕಲ್ಲ. ಮೊಲ ಮುಂದ, ನಾವು ಹಿಂದ. ಅವನಿಗೆ ಮನಸ್ಸಾದ್ರ ಹಾರ್ತಾನ. ಇಲ್ಲಾಂದ್ರ ನಾನು ಸಂಜಿತನಕ ಇಲ್ಲೇ ನಿಂತಿರ್ತೀನಿ."

ಅವನ ಹೆಸರು ಗವಿಸಿದ್ದೇಶ್. ಕುರುಗೋಡಿನವನು. ಬಳ್ಳಾರಿಯಲ್ಲಿ ಆರು ಮಿಷನ್ ಇಟ್ಟುಕೊಂಡು ಜೀನ್ಸ್ ಹೊಲಿಸುತ್ತಿದ್ದ. ಉಳಿದ ತುಂಡು ಬಟ್ಟೆಯಲ್ಲೇ ಮೊಲದ ಪಟ್ಟಿ ಹೊಲಿಯುತ್ತಿದ್ದ. ಈ ಆಟವನ್ನು ಅವನು ಕಲಿತದ್ದು ಫೋನಿನಲ್ಲಿ ನೋಡಿ ನೋಡಿಯೇ.

ಅಂಜನಾ ಹೋಗಲಿಲ್ಲ. ಅಲ್ಲೇ ನಿಂತು ಮೆಲ್ಲನೆ ಕೇಳಿದಳು.

"ನಮ್ಮ ರಾಜಾಗೂ ಕಲಸ್ತೀರೇನ್ರಿ?"

ಆ ಪ್ರಶ್ನೆಯ ಹಿಂದೆ ಎಷ್ಟು ಕಣ್ಣೀರಿತ್ತೆಂಬುದು ಅವನಿಗೆ ಹೇಗೆ ತಿಳಿಯಬೇಕು?

ಅಂಜನಾ ಸಿರುಗುಪ್ಪದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್. ತಾಯಿ ಶಶಿರೇಖಾ ಮತ್ತು ಅವಳು, ಇಬ್ಬರೇ ಮನೆಯಲ್ಲಿ. ಮೊದಲು ಮೂವರಿದ್ದರು. ತಂಗಿ ಅನಿತಾ ಎರಡು ವರ್ಷದ ಹಿಂದೆ ನಾಲ್ಕೇ ದಿನದ ಜ್ವರದಲ್ಲಿ ಹೊರಟುಹೋದಳು. ಶಿವ ಕೊಟ್ಟಿದ್ದ, ಶಿವನೇ ಕರೆದುಕೊಂಡ. ಹಾಗೆಂದು ಬಂದವರೆಲ್ಲ ಹೇಳಿ ಹೋದರು. ಹೇಳುವುದು ಸುಲಭ. ಊಟಕ್ಕೆ ಮೂರು ತಟ್ಟೆ ತೆಗೆದು, ಒಂದನ್ನು ಮತ್ತೆ ಒಳಗಿಡುವ ಕೈಗೆ ಮಾತ್ರ ಅದರ ಕಷ್ಟ ಗೊತ್ತು.

ಅನಿತಾ ಹೋಗುವ ತಿಂಗಳ ಹಿಂದೆಯಷ್ಟೇ ಅಂಗಡಿಯಿಂದ ಬಿಳಿ ಮೊಲದ ಮರಿಯೊಂದನ್ನು ತಂದಿದ್ದಳು. ಅಂಗಡಿಯವನು ಗಂಡು ಎಂದದ್ದಕ್ಕೆ ರಾಜ ಎಂದು ಹೆಸರಿಟ್ಟಿದ್ದಳು. ಫೋನಿನಲ್ಲಿ ಹಾರುವ ಮೊಲಗಳನ್ನು ತೋರಿಸಿ, "ಅಕ್ಕಾ, ನಮ್ಮ ರಾಜಾನೂ ಒಂದಿನ ಹಿಂಗ ಹಾರ್ತಾನ ನೋಡು!" ಎಂದಿದ್ದಳು.

ತಂಗಿಯದೆಂದು ಉಸಿರಾಡುವ ಜೀವ ಆ ಮನೆಯಲ್ಲಿ ಈಗ ಅದೊಂದೇ.

* * *

ಭಾನುವಾರಗಳು ಕುರುಗೋಡಿನ ಹಿತ್ತಲಲ್ಲಿ ಕಳೆದವು.

ಗವಿಸಿದ್ದೇಶನ ನಿಯಮ ಮೂರೇ. ಕಿವಿ ಹಿಡಿದು ಎತ್ತಬಾರದು. ಗದರಬಾರದು. ಎಂದೆಂದಿಗೂ ಅಂಗಾತ ತಿರುಗಿಸಬಾರದು.

"ಅಂಗಾತ ಮಲಗಿಸಿದ್ರ ಮೊಲ ಸುಮ್ನ ಬಿದ್ದಿರ್ತೈತಿ. ಜನ ಅದನ್ನ ನಿದ್ದಿ ಅಂತಾರ. ನಿದ್ದಿ ಅಲ್ರಿ ಅದು, ಜೀವ ಹೋಗೋ ಅಂಜಿಕಿ."

ಆ ಮಾತು ಅಂಜನಾಳ ಎದೆಯಲ್ಲಿ ಕೂತುಬಿಟ್ಟಿತು. ಅವಳೂ ರಾಜನನ್ನು ಒಮ್ಮೆಯೂ ತಿರುಗಿಸಿ ನೋಡಲಿಲ್ಲ. ಗವಿಸಿದ್ದೇಶನಂತೂ ಮೊದಲೇ ನೋಡುವವನಲ್ಲ.

ಏಳನೆಯ ಭಾನುವಾರ ರಾಜ ಮೊದಲ ಬೇಲಿ ಹಾರಿದ.

ಅಂಜನಾ ಅಲ್ಲೇ ಕುಸಿದು ಕೂತು ಅತ್ತಳು. ಗವಿಸಿದ್ದೇಶ್ ಒಂದು ಚೊಂಬು ನೀರನ್ನು ಅವಳ ಪಕ್ಕದಲ್ಲಿಟ್ಟು, ಅವಳಿಗೆ ಬೆನ್ನು ಮಾಡಿ, ಸರಿಯಾಗಿಯೇ ಇದ್ದ ಬೇಲಿಯನ್ನು ಬಹಳ ಹೊತ್ತು ಸರಿಪಡಿಸುತ್ತ ನಿಂತ.

'ಈ ಮನುಷ್ಯನ ಪಕ್ಕದಲ್ಲಿ ಅಳಬಹುದು...' ಅಂದು ಅವಳಿಗೆ ಅನಿಸಿತು.

ಕೆಲವು ತಿಂಗಳ ನಂತರ ಅವನೇ ಕೇಳಿದ. "ಅಂಜನಾ ಅವರ, ನಿಮ್ಮ ಕೂಡ ಬಾಳ್ವಿ ಮಾಡಬೇಕು ಅಂತ ನನ್ನ ಮನಸ್ಸಿನ್ಯಾಗೈತಿ. ಅವಸರ ಇಲ್ರಿ. ನಿಮಗ ಮನಸ್ಸಾದಾಗ ಹೇಳ್ರಿ."

ಅದೇ ವಾರ ಶಶಿರೇಖಾ ಅವರ ಕಣ್ಣಿನ ಪೊರೆ ತೆಗೆಸುವುದು ನಿಶ್ಚಯವಾಯಿತು. ಒಂದು ತಿಂಗಳು ಮನೆಯಲ್ಲಿ ಪ್ರಾಣಿಯ ಕೂದಲು, ಧೂಳು ಇರಬಾರದೆಂದು ಡಾಕ್ಟರು ಹೇಳಿದರು. ಅಂಜನಾ ರಾಜನನ್ನು ಕುರುಗೋಡಿಗೆ ತಂದು ಬಿಟ್ಟಳು. ಜೊತೆಗೊಂದು ಚೀಲವನ್ನೂ ಕೊಟ್ಟಳು. ಒಳಗೆ ಅನಿತಾಳ ಜೀನ್ಸ್ ಜಾಕೆಟ್!

"ಇದರಾಗ ರಾಜಾಗ ಒಂದು ಪಟ್ಟಿ ಹೊಲೀರಿ. ಅಕಿ ಮೈಮ್ಯಾಲಿದ್ದ ಬಟ್ಟಿ... ಅವನ ಮೈಮ್ಯಾಲಿರಲಿ."

ಗವಿಸಿದ್ದೇಶ್ ಅದನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡ.

"ರಾಜಾನ್ನ ಕರಕೊಂಡ ಹೋಗಾಕ ಬರ್ತೀನಲ್ಲ," ಎಂದು ಅಂಜನಾ ನೆಲ ನೋಡುತ್ತ ಅಂದಳು, "ಅವತ್ತು ನಿಮ್ಮ ಮಾತಿಗೆ ಉತ್ತರ ಹೇಳ್ತೀನಿ."

ಗವಿಸಿದ್ದೇಶನ ತಾಯಿ ಕೊಟ್ರಮ್ಮ ಎರಡೂ ಮೊಲಗಳನ್ನು ಒಂದೇ ಗೂಡಿಗೆ ಬಿಟ್ಟರು.

"ಯವ್ವಾ, ಎರಡು ಗಂಡು ಒಂದ ಕಡೆ ಇದ್ರ ಕಚ್ಚಾಡ್ತಾವ!"

"ಸುಮ್ನಿರಲೇ. ಒಂಟಿ ಇದ್ರ ಪಾಪ, ಬ್ಯಾಸರ ಆಗ್ತೈತಿ."

ಆಶ್ಚರ್ಯ! ಅವು ಕಚ್ಚಾಡಲಿಲ್ಲ. ಒಂದರ ಕಿವಿ ಒಂದು ನೆಕ್ಕುತ್ತ ಕೂತವು. ಅಣ್ಣತಮ್ಮಂದಿರ ಹಾಗೆ ಇದ್ದಾವೆಂದು ಗವಿಸಿದ್ದೇಶ್ ಫೋನಿನಲ್ಲಿ ಹೇಳಿದಾಗ ಅಂಜನಾ ಮನಸಾರೆ ನಕ್ಕಿದ್ದಳು.

* * *

ಮೂವತ್ತೆರಡನೆಯ ದಿನ.

ಅಂಜನಾ ಹಸಿರು ಸೀರೆ ಉಟ್ಟು ಬಂದಿದ್ದಳು. ಬರುವ ದಾರಿಯಲ್ಲಿ ದೊಡ್ಡಬಸವೇಶ್ವರನಿಗೆ ಕೈ ಮುಗಿದು, ಹೇಳಬೇಕಾದ 'ಹೂಂ' ಎಂಬ ಒಂದು ಮಾತನ್ನು ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು.

ಹಿತ್ತಲಲ್ಲಿ ರಾಜ ಹೊಸ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಅನಿತಾಳ ಜಾಕೆಟಿನ ನೀಲಿ! ಅವಳು ಕೊತ್ತಂಬರಿ ಎಸಳನ್ನು ಮೇಲೆತ್ತಿ ಹಿಡಿದಳು. ರಾಜ ಹಿಂಗಾಲ ಮೇಲೆ ಎದ್ದು ನಿಂತ.

ಅವಳ ಕೈಯಿಂದ ಕೊತ್ತಂಬರಿ ಜಾರಿ ಬಿತ್ತು!

ಪಟ್ಟಿಯ ಕೆಳಗೆ, ಎದೆಯಿಂದ ಹೊಟ್ಟೆಯವರೆಗೆ ಕೂದಲೇ ಇರಲಿಲ್ಲ. ಗುಲಾಬಿ ಬಣ್ಣದ ಚರ್ಮ ಹಾಗೆಯೇ ಕಾಣುತ್ತಿತ್ತು...

"ಏನಿದು?!"

ಗವಿಸಿದ್ದೇಶ್ ಓಡಿಬಂದ. ನೋಡಿದ. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. "ನಿನ್ನಿ ಸಂಜಿಮುಂದ ಕಟ್ಟಿದ್ದು... ಆವಾಗ ಕೂದ್ಲ ಇತ್ತು... ವಾರದಿಂದ ಯಾಕೋ ಹಾರಿರಲಿಲ್ಲ..."

"ಹಾರದಿದ್ರೂ ಪಟ್ಟಿ ಕಟ್ಟಿ ಹಾರಿಸೀರಿ!"

"ಇಲ್ರಿ, ಅಳತಿ ನೋಡಾಕ..."

"ಹೊಲಿಗಿ ಉಜ್ಜಿ ಉಜ್ಜಿ ಮೈ ಬೋಳಾಗೈತಿ, ಕಾಣವಲ್ದೇನು? ನಮ್ಮ ಅನಿತಾನ ಬಟ್ಟಿ... ನನ್ನ ಕೈಯಾರೆ ಕೊಟ್ಟೆ! ಅದರಿಂದನ ಅಕಿ ಮೊಲಕ್ಕ ಹಿಂಗ ಮಾಡಿದ್ರಲ್ಲ!"

ಅವನು ಪಟ್ಟಿಯ ಹೊಲಿಗೆಯ ಮೇಲೆ ಬೆರಳಾಡಿಸಿದ.

"ತಪ್ಪು ನಂದ ಇರಬೇಕ್ರಿ."

ಒಪ್ಪಿಕೊಂಡನಲ್ಲ! ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಬೇಡವಾಗಿದ್ದದ್ದೂ ಅದೇ. ಅವಳು ಪಟ್ಟಿ ಬಿಚ್ಚಿ ಅವನ ಕಾಲ ಬಳಿ ಎಸೆದಳು. ರಾಜನನ್ನು ಬುಟ್ಟಿಗೆ ಹಾಕಿಕೊಂಡಳು.

"ಅಂಜನಾ, ನಿಂದರ ತಾಯಿ, ಒಂದು ಗುಟುಕು ನೀರರ..." ಎಂದು ಕೊಟ್ರಮ್ಮ ಬಾಗಿಲವರೆಗೆ ಬಂದರು.

"ಬ್ಯಾಡ್ರಿ. ನನ್ನ ಉತ್ತರಾನೂ ಇದ ಅಂತ ನಿಮ್ಮ ಮಗಗ ಹೇಳ್ರಿ."

* * *

ಸಿರುಗುಪ್ಪದ ಮನೆಯಲ್ಲಿ ಅಂದು ಸಂಜೆ ರಾಜ ಹುಲ್ಲು ತಿನ್ನಲಿಲ್ಲ. ಬಾಯಿತುಂಬ ತುಂಬಿಕೊಂಡು ಬುಟ್ಟಿಯ ಮೂಲೆಗೆ ಒಯ್ದು ಒಯ್ದು ಹಾಕಿದ. ನೋವಿಗೆ ಹೀಗೆ ಆಡುತ್ತಿದ್ದಾನೆಂದು ಅಂಜನಾ ಅತ್ತಳು. ಅಳುತ್ತಲೇ ಮಲಗಿದಳು.

ಬೆಳಿಗ್ಗೆ ತಾಯಿಯ ಕೂಗಿಗೆ ಎಚ್ಚರವಾಯಿತು.

"ಅಂಜೂ! ಬಾರ ಲಗೂನ! ಬುಟ್ಟ್ಯಾಗ ಇಲಿ ಮರಿ ಹಾಕೈತಿ!"

ಕಪ್ಪು ಕನ್ನಡಕದ ಶಶಿರೇಖಾ ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರದಲ್ಲೇ ನಿಂತಿದ್ದರು. ಬುಟ್ಟಿಯ ಮೂಲೆಯಲ್ಲಿ ಬೆಳ್ಳಗೆ ಹತ್ತಿಯಂಥ ರಾಶಿ. ರಾಶಿ ತಾನಾಗಿಯೇ ಮಿಸುಕುತ್ತಿತ್ತು! ಅಂಜನಾ ಬೆರಳಿನಿಂದ ಮೇಲಿನ ಪದರ ಸರಿಸಿದಳು.

ಒಂದು... ಎರಡು... ಐದು! ಕಣ್ಣು ಬಿಡದ, ಹೆಬ್ಬೆರಳ ಗಾತ್ರದ ಐದು ಜೀವಗಳು.

"ಯವ್ವಾ... ಇವು ಇಲಿ ಅಲ್ಲ..."

"ಮತ್ತೇನ?"

"ನಮ್ಮ ರಾಜ... ನಮ್ಮ ರಾಜ ಹಡದಾನವ್ವ!"

ಅಂಜನಾ ಫೋನಿಗೆ ಕೈ ಹಾಕಿದಳು.

ಪಶು ವೈದ್ಯರು ಫೋನಿನಲ್ಲಿ ಗಹಗಹಿಸಿ ನಕ್ಕರು. "ಅದು ಹೆಣ್ರೀ ಟೀಚರ! ಹೆಣ್ಣು ಮೊಲ ಹಡಿಯೋ ಮುಂದ ತನ್ನ ಎದಿ ಕೂದ್ಲ ತಾನ ಕಿತ್ತು ಮರಿಗೆ ಹಾಸಗಿ ಮಾಡ್ತೈತಿ. ಸೈನ್ಸ್ ಕಲಸೋರು ನೀವು, ಇಷ್ಟ ದಿನ ಗಂಡ ಹೆಣ್ಣ ನೋಡಲಿಲ್ಲೇನು?"

ಅಂಜನಾ ಫೋನು ಕೆಳಗಿಟ್ಟಳು.

ತಾನ ಕಿತ್ತು...

ಆ ಬೋಳು ಎದೆಯ ಮೇಲೆ ಒಂದು ಗಾಯವಿತ್ತೇ? ಒಂದು ಗೀರು? ಏನೂ ಇರಲಿಲ್ಲ! ಅವಳು ನೋಡಿರಲೇ ಇಲ್ಲ. ಮಾಡದ ತಪ್ಪನ್ನು ಮೈಮೇಲೆ ಹೊತ್ತು ನಿಂತಿದ್ದ ಆ ಮುಖ ಕಣ್ಣ ಮುಂದೆ ಬಂತು.

'ಶಿವನೇ... ನಾನು ಏನು ಮಾಡಿಬಿಟ್ಟೆ!'

ಅವನ ಫೋನು ಸ್ವಿಚ್ ಆಫ್. ಮತ್ತೆ ಮಾಡಿದಳು. ಆಫ್.

"ಬಾಣಂತಿನ್ನ ನಾ ನೋಡ್ಕೊಂತೀನಿ, ಹೋಗು," ಎಂದರು ಶಶಿರೇಖಾ. ಕನ್ನಡಕದ ಕೆಳಗಿನಿಂದ ಒಂದು ಹನಿ ಇಳಿಯಿತು. "ನಮ್ಮ ಅನಿತಾ ಇದ್ದಿದ್ರ ಈ ಮೊದಲ ನಿನ್ನ ಬಸ್ ಹತ್ತಿಸಿರ್ತಿದ್ಲು."

* * *

ಕುರುಗೋಡಿನ ಹಿತ್ತಲಲ್ಲಿ ಬೇಲಿಗಳಿರಲಿಲ್ಲ! ಐದನ್ನೂ ಕಟ್ಟಿ ಗೋಡೆಗೆ ಒರಗಿಸಲಾಗಿತ್ತು. ಪೈಲ್ವಾನ ಗೂಡಿನ ಮೂಲೆಯಲ್ಲಿ ಒಂಟಿಯಾಗಿ ಕೂತಿದ್ದ.

'ತಡವಾಯಿತೇ?'

ಒಳಕೋಣೆಯಿಂದ ಹೊಲಿಗೆ ಮಿಷನ್ನಿನ ಸದ್ದು. ಅವಳು ಹೊಸ್ತಿಲಲ್ಲಿ ನಿಂತಳು.

ಗವಿಸಿದ್ದೇಶ್ ಮೊಲದ ಪಟ್ಟಿಯನ್ನು ಬಿಚ್ಚಿ, ಆ ತುಂಡುಗಳನ್ನು ಮತ್ತೆ ಅನಿತಾಳ ಜಾಕೆಟಿನ ತೋಳಿಗೆ ಜೋಡಿಸುತ್ತಿದ್ದ. ಹಳೆಯ ಸೂಜಿ ರಂಧ್ರಗಳಲ್ಲೇ ಹೊಸ ದಾರ ಹಾಯುವಂತೆ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ, ಒಂದೊಂದೇ ಹೊಲಿಗೆ.

ಅವಳ ನೆರಳು ಬಿದ್ದದ್ದಕ್ಕೆ ತಲೆ ಎತ್ತಿದ. ಎದ್ದು ನಿಂತ.

"ರಾಜ ಹೆಂಗದಾನ್ರಿ?"

ಮೊದಲು ಕೇಳಿದ್ದು ಅದನ್ನೇ! ಅವಳು ಫೋನು ಹೊರತೆಗೆಯುವಷ್ಟರಲ್ಲಿ ಅವನೇ ಮುಂದುವರಿಸಿದ.

"ಬೈಯೋದು ಉಳದಿದ್ರ ಬೈದ್ಬಿಡ್ರಿ. ಜಾಕೆಟ್ ನಾನ ತಂದ ಕೊಡೋನಿದ್ದೆ. ಎಷ್ಟ ಮಾಡಿದ್ರೂ ಕತ್ತರಿ ಆಡಿದ ಗೆರಿ ಕಾಣ್ತೈತಿ... ತಪ್ಪು ತಿಳೀಬ್ಯಾಡ್ರಿ."

"ಗವಿಸಿದ್ದೇಶ್... ರಾಜ ಹಡದಾನ."

ಕತ್ತರಿ ಟಣ್ ಎಂದು ನೆಲಕ್ಕೆ ಬಿತ್ತು.

"ಏನಂದ್ರಿ?!"

"ಐದು ಮರಿ. ಅವನು ಅವನಲ್ಲ, ಅಕಿ! ಕೂದ್ಲ ಅಕಿನ ಕಿತ್ಕೊಂಡಾಳ, ಮರಿಗೆ ಹಾಸಾಕ. ನಿಮ್ಮ ಹೊಲಿಗಿ ಏನೂ ಮಾಡಿಲ್ಲ... ಏನೂ ಮಾಡಿಲ್ರಿ!"

ಅವಳು ಫೋನು ಚಾಚಿದಳು. ಅವನು ಚಿತ್ರ ನೋಡಿದ, ಅವಳನ್ನು ನೋಡಿದ, ಕಿಟಕಿಯಾಚೆ ಪೈಲ್ವಾನನನ್ನು ನೋಡಿದ. ಐದರಲ್ಲಿ ಎರಡು ಮರಿ ಪೈಲ್ವಾನನ ಹಾಗೆ ಕಂದು ಬಣ್ಣಕ್ಕಿದ್ದವು. ಕುರ್ಚಿಯ ಮೇಲೆ ಕುಸಿದು ಕೂತ.

ಹಿಂದೆ ಬಂದು ನಿಂತಿದ್ದ ಕೊಟ್ರಮ್ಮ ಗಲ್ಲಕ್ಕೆ ಕೈ ಹಚ್ಚಿದರು. "ಅಯ್ಯ ಶಿವನ! ಅಣ್ಣತಮ್ಮ ಅಂತ ಒಂದ ಗೂಡಿಗೆ ಬಿಟ್ಟಾಕಿ ನಾನ! ನಿಮ್ಮದು ಏನರ ಆಗಲಿ ಯವ್ವಾ, ನಾನೂ ನಿಮ್ಮವ್ವನೂ ಬೀಗರಂತೂ ಆಗೇಬಿಟ್ವಿ!"

ನಗುತ್ತ, ಕಣ್ಣೊರೆಸುತ್ತ, ಅವರು ದೇವರ ಮುಂದೆ ದೀಪ ಹಚ್ಚಲು ಒಳಗೆ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಎರಡು ಸಲ ನಿಮ್ಮ ಮ್ಯಾಲ ತಪ್ಪು ಹೊರಿಸಿದೆ," ಎಂದಳು ಅಂಜನಾ. "ಎರಡು ಸಲಾನೂ ಏನೂ ನೋಡದ, ಏನೂ ಕೇಳದ. ನೀವರ ಯಾಕ ಒಪ್ಪಿಕೊಂಡ್ರಿ? ನಿಮ್ಮ ತಪ್ಪಿಲ್ಲ ಅಂತ ಯಾಕ ಹೇಳಲಿಲ್ಲ?"

"ಹೊಲಿಗಿ ನಂದ ಇತ್ತಲ್ರಿ, ನನಗೂ ಹಂಗ ಅನಿಸ್ತು. ಮತ್ತ... ನೀವು ತಂಗಿ ಸಲುವಾಗಿ ಅಳಾಕತ್ತಿದ್ರಿ. ಅದರ ಮುಂದ ನನ್ನ ಮಾತು ಏನ್ ದೊಡ್ಡದು?"

ಅಂಜನಾ ಮಿಷನ್ನಿನ ಮೇಲಿದ್ದ ಜಾಕೆಟನ್ನು ಎತ್ತಿಕೊಂಡಳು. ಜೋಡಿಸಿದ ತೋಳಿನ ಗೆರೆಯ ಮೇಲೆ ಬೆರಳಾಡಿಸಿದಳು. ಎದೆಗೊತ್ತಿಕೊಂಡಳು. ತಂಗಿ ಹೋದಮೇಲೆ ಮೊದಲ ಸಲ, ಆ ಬಟ್ಟೆಯನ್ನು ಮುಟ್ಟಿದಾಗ ಅವಳಿಗೆ ಅಳು ಬರಲಿಲ್ಲ.

ಆಮೇಲೆ ಅದನ್ನು ಅವನ ಕೈಗೇ ತಿರುಗಿ ಕೊಟ್ಟಳು.

"ಇನ್ನೊಂದು ತೋಳು ಹಂಗ ಐತಲ್ಲ. ಅದರಾಗ ಐದು ಸಣ್ಣ ಪಟ್ಟಿ ಆಗ್ತಾವೇನ್ರಿ?"

ಗವಿಸಿದ್ದೇಶ್ ಅವಳನ್ನೇ ನೋಡಿದ. ಬಟ್ಟೆಯನ್ನು ಬೆರಳಲ್ಲಿ ಅಳೆದ.

"ಆಗ್ತಾವ... ಆದ್ರ ಮರಿ ದಿನಾ ಬೆಳಿತಾವ. ಅಳತಿ ಕೊಡಾಕ ನೀವು ಸಿರುಗುಪ್ಪದಿಂದ ದಿನಾ ಬರಬೇಕಾಗ್ತೈತಿ."

"ದಿನಾ ಯಾಕ ಬರಬೇಕು?" ಅಂಜನಾ ಬಗ್ಗಿ, ನೆಲಕ್ಕೆ ಬಿದ್ದಿದ್ದ ಕತ್ತರಿ ಎತ್ತಿ ಅವನ ಅಂಗೈಯಲ್ಲಿಟ್ಟಳು. ತನ್ನ ಕೈ ಹಿಂದಕ್ಕೆ ತೆಗೆಯಲಿಲ್ಲ. "ಇಲ್ಲೇ ಇದ್ರ ನಡಿಯಂಗಿಲ್ಲೇನು?"